ಉನ್ಮಾದ, ರಂಗಭೂಮಿ ಮತ್ತು ಸಮದುಃಖಿಯ ಆಸರೆ
(ಕ್ರಾಂತಿಕಾಲದ ಪ್ಯಾರಿಸ್ಸಿನ ಎರಡು ಉನ್ಮಾದಾಲಯಗಳ ಇತಿಹಾಸದಿಂದ)

ಉನ್ಮಾದವು ರಂಗಭೂಮಿಗೆ ಅತಿ ಪ್ರಾಚೀನವಾದ ವಸ್ತು. ರಾಜ್ಯವನ್ನೋ ಪುತ್ರನನ್ನೋ ಪ್ರಿಯೆಯನ್ನೋ ಕಳೆದುಕೊಂಡು ಮತಿಗೆಟ್ಟ ಪಾತ್ರವನ್ನು ನಾಟಕಕಾರರು ಎಲ್ಲ ಕಾಲದಲ್ಲಿಯೂ ಚಿತ್ರಿಸಿದ್ದಾರೆ. ಪ್ರೇಕ್ಷಕರೂ ಅದನ್ನು ಕುತೂಹಲದಿಂದ ನೋಡಿದ್ದಾರೆ. ಆದರೆ ಈ ವಿಷಯವನ್ನು ವಿವೇಚಿಸಿದ ವಿದ್ವಾಂಸರು ಸಾಮಾನ್ಯವಾಗಿ ಕೇಳಿರುವ ಪ್ರಶ್ನೆ ಒಂದೇ: ಕವಿಯು ಉನ್ಮಾದದ ಲಕ್ಷಣಗಳನ್ನು ಎಷ್ಟು ಯಥಾರ್ಥವಾಗಿ ಬಣ್ಣಿಸಿದ್ದಾನೆ? ಇದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು. ಮತಿಭ್ರಮಣೆಗೊಳಗಾದವನ ಪಕ್ಕದಲ್ಲಿ ರಂಗದ ಮೇಲೆ ಯಾರು ನಿಂತಿದ್ದಾರೆ? ಅವನ ಮಾತಿಗೆ ಮಾತು ಕೊಡುವವರು ಯಾರು? ಅವನನ್ನು ನೋಡುವವರು ಮಾತ್ರ ಇದ್ದಾರೆಯೋ, ಅವನಂತೆಯೇ ನೊಂದು ಅವನ ಜೊತೆಗೆ ನಡೆಯುವವರೂ ಇದ್ದಾರೆಯೋ?

ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕೆ ಹದಿನೆಂಟನೆಯ ಶತಮಾನದ ಕೊನೆಯ ಮತ್ತು ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳ ಪ್ಯಾರಿಸ್ ನಗರಕ್ಕಿಂತ ಉಚಿತವಾದ ಸ್ಥಳ ದೊರೆಯಲಾರದು. ಒಂದೇ ನಗರದ ಆಸುಪಾಸಿನಲ್ಲಿ, ಹೆಚ್ಚು ಕಡಮೆ ಒಂದೇ ತಲೆಮಾರಿನಲ್ಲಿ, ಬಿಸೆತ್ರ್ ಮತ್ತು ಶಾರಾಂತೊ ಎಂಬ ಎರಡು ಉನ್ಮಾದಾಲಯಗಳು ನಾಟಕವನ್ನು ಚಿಕಿತ್ಸೆಯ ಉಪಕರಣವನ್ನಾಗಿ ಬಳಸಿದವು. ಒಂದರಲ್ಲಿ ರಂಗವೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮತ್ತೊಂದರಲ್ಲಿ ರಂಗಮಂದಿರವೇ ನಿರ್ಮಾಣವಾಗಿತ್ತು. ಈ ಎರಡರ ವೃತ್ತಾಂತವನ್ನು ಹೋಲಿಸಿ, ಸಮದುಃಖಿಯ ಆಸರೆಯು ಎಲ್ಲಿ ದೊರೆಯಿತು, ಎಲ್ಲಿ ಕಾಣದೆ ಹೋಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಿದೆ.

೧. ಪೂರ್ವಪೀಠಿಕೆ

ನಮ್ಮ ಲಾಕ್ಷಣಿಕರಿಗೆ ಉನ್ಮಾದವು ಹೊಸ ವಿಷಯವಲ್ಲ. ಭರತನು ತನ್ನ ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ಉನ್ಮಾದವೂ ಒಂದು. ಇಷ್ಟಜನರ ವಿಯೋಗ, ಧನನಾಶ, ಅಭಿಘಾತ, ವಾತ ಪಿತ್ತ ಶ್ಲೇಷ್ಮಗಳ ಪ್ರಕೋಪ ಮೊದಲಾದವು ಅದಕ್ಕೆ ವಿಭಾವಗಳು. ಕಾರಣವಿಲ್ಲದೆ ನಗುವುದು, ಅಳುವುದು, ಓಡುವುದು, ಹಾಡುವುದು, ಮೈಗೆ ಬೂದಿ ಧೂಳುಗಳನ್ನು ಬಳಿದುಕೊಳ್ಳುವುದು ಇವೇ ಮುಂತಾದವು ಅನುಭಾವಗಳು. ನಟನಿಗೆ ಬೇಕಾದ ಹೊರಗಿನ ಕುರುಹುಗಳೆಲ್ಲ ಇಲ್ಲಿ ಕ್ರಮವಾಗಿ ಬಂದಿವೆ. ಆದರೆ ಒಡನಿರುವವರು ಏನು ಮಾಡಬೇಕೆಂಬುದು ಲಕ್ಷಣಕಾರನ ಉದ್ದೇಶವಲ್ಲವಾದ್ದರಿಂದ ಅದರ ಮಾತು ಅಲ್ಲಿಲ್ಲ. ಕಾಳಿದಾಸನ ‘ವಿಕ್ರಮೋರ್ವಶೀಯ’ದ ನಾಲ್ಕನೆಯ ಅಂಕವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಊರ್ವಶಿಯನ್ನು ಕಳೆದುಕೊಂಡ ಪುರೂರವನು ಕಾಡಿನಲ್ಲಿ ನವಿಲನ್ನೂ ಕೋಗಿಲೆಯನ್ನೂ ಆನೆಯನ್ನೂ ಬೆಟ್ಟವನ್ನೂ ವಿಚಾರಿಸುತ್ತ ಅಲೆಯುತ್ತಾನೆ. ನಿತ್ಯದ ಒಡನಾಡಿಯಾದ ವಿದೂಷಕನು ಆ ಅಂಕದಲ್ಲಿಲ್ಲ. ಉನ್ಮತ್ತನಾದ ರಾಜನು ಒಂಟಿ. ಆ ಅಂಕದ ಕರುಣೆಗೂ ಸೌಂದರ್ಯಕ್ಕೂ ಆ ಒಂಟಿತನವೇ ಮೂಲ.

ಇಂಗ್ಲೆಂಡಿನ ರಂಗಭೂಮಿಯಲ್ಲಿ ಹದಿನೇಳನೆಯ ಶತಮಾನದ ಆರಂಭಕ್ಕೆ ಉನ್ಮತ್ತರ ಗುಂಪೇ ರಂಗಕ್ಕೆ ಬಂದಿತು. ೧೨೪೭ರಲ್ಲಿ ಮಠವಾಗಿ ಸ್ಥಾಪಿತವಾಗಿ ಮುಂದೆ ಉನ್ಮಾದಾಲಯವಾದ ಲಂಡನ್ನಿನ ಬೆಥ್ಲೆಮ್, ಜನರ ಬಾಯಲ್ಲಿ ‘ಬೆಡ್ಲಮ್’ ಆಗಿ, ನಾಟಕಕಾರರಿಗೆ ಒದಗಿದ ಸಿದ್ಧವಸ್ತುವಾಯಿತು. ಡೆಕ್ಕರ್ ಮತ್ತು ಮಿಡ್ಲ್‌ಟನ್ನರ ‘ದಿ ಆನೆಸ್ಟ್ ಹೋರ್’ ನಾಟಕದ ಮೊದಲ ಭಾಗ (೧೬೦೪), ಮಿಡ್ಲ್‌ಟನ್ ಮತ್ತು ರೌಲಿಯವರ ‘ದಿ ಚೇಂಜ್‌ಲಿಂಗ್’ (೧೬೨೨) ಇವುಗಳಲ್ಲಿ ಹುಚ್ಚರ ಮನೆಯ ದೃಶ್ಯಗಳುಂಟು. ವೆಬ್‌ಸ್ಟರನ ‘ದಿ ಡಚೆಸ್ ಆಫ್ ಮಾಲ್ಫಿ’ಯಲ್ಲಿ ನಾಯಿಕೆಯನ್ನು ಹಿಂಸಿಸುವುದಕ್ಕಾಗಿಯೇ ಉನ್ಮತ್ತರನ್ನು ಆಕೆಯ ಬಳಿಗೆ ಕಳುಹಿಸಲಾಗುತ್ತದೆ. ಈ ಪಾತ್ರಗಳ ಕಾರ್ಯವೆಂದರೆ ನಗಿಸುವುದು ಅಥವಾ ಹೆದರಿಸುವುದು. ನಾಟಕಶಾಲೆಯಲ್ಲಿ ಹಣ ತೆತ್ತು ಸೋಗಿನ ಹುಚ್ಚರನ್ನು ನೋಡುವ ನಾಗರಿಕನು ಬೆಥ್ಲೆಮಿಗೇ ಹೋಗಿ ನಿಜವಾದ ರೋಗಿಗಳನ್ನೂ ನೋಡಬಹುದಾಗಿತ್ತು. ಕುತೂಹಲಿಗಳ ಈ ನಿರ್ಬಾಧ ಪ್ರವೇಶಕ್ಕೆ ತಡೆ ಬಿದ್ದುದು ೧೭೭೦ರಲ್ಲಿ.

ಈ ಸಾಮಾನ್ಯ ಮಾರ್ಗವನ್ನು ಬಿಟ್ಟು ನಡೆದ ಒಂದು ಕೃತಿಯನ್ನು ಇಲ್ಲಿ ಹೆಸರಿಸಬೇಕು. ಎಂ. ಎಸ್. ಪುಟ್ಟಣ್ಣನವರು ‘ಹೇಮಚಂದ್ರರಾಜ ವಿಲಾಸ’ವೆಂಬ ಹೆಸರಿನಿಂದ ಕನ್ನಡಕ್ಕೆ ತಂದ ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಉನ್ಮತ್ತನಾದ ರಾಜನು ಒಂಟಿಯಲ್ಲ. ಬಿರುಗಾಳಿಯ ರಾತ್ರಿಯಲ್ಲಿ ವಿದೂಷಕನೂ, ವೇಷ ಮರೆಸಿಕೊಂಡ ಕೆಂಟನೂ, ಹುಚ್ಚನ ಸೋಗು ಹಾಕಿದ ಎಡ್ಗರನೂ ಅವನ ಸುತ್ತ ಇದ್ದಾರೆ. ಎಲ್ಲರೂ ಮನೆಯಿಂದಲೋ ಪದವಿಯಿಂದಲೋ ಹೊರದೂಡಲ್ಪಟ್ಟವರು, ಇಲ್ಲವೆ ಹೊರದೂಡಲ್ಪಟ್ಟವನ ಬೆನ್ನು ಬಿಡದೆ ಬಂದವರು. ಲಿಯರನು ತನ್ನ ಮಕ್ಕಳ ಮೇಲೆ ಕಲ್ಪನೆಯ ವಿಚಾರಣೆಯನ್ನು ನಡೆಸುವಾಗ ಇವರೇ ನ್ಯಾಯಾಧೀಶರಾಗಿ ಕುಳಿತು ಅವನ ಭ್ರಮೆಯೊಳಕ್ಕೆ ಪ್ರವೇಶಿಸುತ್ತಾರೆ. ಆ ದೃಶ್ಯದ ಕೊನೆಯಲ್ಲಿ ಎಡ್ಗರನು, ಜೊತೆಗಾರರಿದ್ದಾಗ ದುಃಖದ ಭಾರ ತಗ್ಗುವುದೆಂಬ ಅಭಿಪ್ರಾಯವನ್ನು ಸ್ವಗತವಾಗಿ ಆಡುತ್ತಾನೆ. ಪಾಠಸಂಶೋಧಕರು ಗಮನಿಸಿರುವಂತೆ, ಆ ವಿಚಾರಣೆಯೂ ಈ ಸ್ವಗತವೂ ೧೬೦೮ರ ಕ್ವಾರ್ಟೊ ಮುದ್ರಣದಲ್ಲಿ ಮಾತ್ರ ದೊರೆಯುತ್ತವೆ. ೧೬೨೩ರ ಫೋಲಿಯೊದಲ್ಲಿ ಇಲ್ಲ. ಸಮದುಃಖಿಗಳ ಸಾಂತ್ವನವನ್ನು ನೇರವಾಗಿ ನುಡಿಯುವ ಭಾಗವೇ ಒಂದು ಪಾಠದಿಂದ ಬಿಟ್ಟುಹೋಗಿರುವುದು ಮುಂದೆ ಹೇಳಲಿರುವ ಇತಿಹಾಸಕ್ಕೆ ಮುನ್ಸೂಚನೆಯಂತಿದೆ.

೨. ಬಿಸೆತ್ರ್: ಪರದೆಯಿಲ್ಲದ ನಾಟಕ

ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಬಿಸೆತ್ರ್ ಹದಿನೆಂಟನೆಯ ಶತಮಾನದಲ್ಲಿ ಏಕಕಾಲಕ್ಕೆ ಆಸ್ಪತ್ರೆಯೂ ಸೆರೆಮನೆಯೂ ಅನಾಥಾಲಯವೂ ಆಗಿದ್ದ ಸಂಸ್ಥೆ. ೧೭೭೧ರಲ್ಲಿ ಚರ್ಮ ಹದಮಾಡುವ ಕಸುಬಿನ ಝಾನ್-ಬಾತಿಸ್ತ್ ಪ್ಯುಸ್ಯಾಂ ಎಂಬುವನು ಗಂಡಮಾಲೆ ರೋಗದಿಂದ ನರಳುತ್ತ ಅಲ್ಲಿಗೆ ಸೇರಿದನು. ೧೭೪೫ರಲ್ಲಿ ಹುಟ್ಟಿದ ಈತನಿಗೆ ಆಗ ಸುಮಾರು ಇಪ್ಪತ್ತಾರು ವರ್ಷ. ರೋಗದಿಂದ ಚೇತರಿಸಿಕೊಂಡ ಮೇಲೆ ಆತನು ಆಸ್ಪತ್ರೆಯಲ್ಲಿಯೇ ಉಳಿದು, ಸಣ್ಣಪುಟ್ಟ ಕೆಲಸಗಳಿಂದ ಮೇಲೇರಿ, ೧೭೮೪-೮೫ರ ವೇಳೆಗೆ ಉನ್ಮತ್ತ ಪುರುಷರ ವಿಭಾಗದ ಮೇಲ್ವಿಚಾರಕನಾದನು. ಆತನ ಪತ್ನಿ ಮಾರ್ಗರೀತ್ ಝುಬ್ಲೀನ್ ಆ ಕಾರ್ಯದಲ್ಲಿ ಸಮಭಾಗಿಯಾದಳು. ಆತನು ವೈದ್ಯಶಾಸ್ತ್ರವನ್ನು ಓದಿದವನಲ್ಲ. ಆತನಿಗೆ ಬಂದಿದ್ದ ರೋಗವು ಚಿತ್ತಕ್ಕೆ ಸಂಬಂಧಿಸಿದುದೂ ಅಲ್ಲ. ಆದರೆ ಆ ಗೋಡೆಗಳ ಒಳಗೆ ರೋಗಿಯಾಗಿ ಮಲಗಿದ್ದವನು ಎಂಬ ಮಾತು ಸಣ್ಣದಲ್ಲ.

೧೭೯೩ರಲ್ಲಿ ಫಿಲಿಪ್ ಪಿನೆಲ್ ಬಿಸೆತ್ರಿಗೆ ವೈದ್ಯನಾಗಿ ಬಂದಾಗ ಅಲ್ಲಿಯ ವ್ಯವಸ್ಥೆಯನ್ನು ಕಂಡು ಬೆರಗಾದನು. ಪ್ಯುಸ್ಯಾಂ ತನ್ನ ಕೈಕೆಳಗಿನ ಸೇವಕರು ರೋಗಿಗಳನ್ನು ಹೊಡೆಯಕೂಡದೆಂದು ನಿಷೇಧಿಸಿದ್ದನು. ಮೀರಿದವರನ್ನು ಕೆಲಸದಿಂದ ತೆಗೆದುಹಾಕುತ್ತಿದ್ದನು. ಹೊರಗಿನಿಂದ ಬಂದ ಆಳುಗಳು ಈ ನಿಯಮಕ್ಕೆ ಒಗ್ಗಿಕೊಳ್ಳದಿದ್ದಾಗ ಆತನು ಕಂಡುಕೊಂಡ ಉಪಾಯವೇ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಚೇತರಿಸಿಕೊಳ್ಳುತ್ತಿದ್ದ ರೋಗಿಗಳಿಂದಲೇ ಆತನು ಸೇವಕರನ್ನು ಆರಿಸಿಕೊಳ್ಳತೊಡಗಿದನು. ಪಿನೆಲನು ತನ್ನ ಗ್ರಂಥದಲ್ಲಿ ಈ ಕ್ರಮವನ್ನು ಸಮರ್ಥಿಸಿದ್ದಾನೆ. ತಾನೇ ಆ ಸ್ಥಿತಿಯಲ್ಲಿದ್ದವನು ಇನ್ನೊಬ್ಬನ ಮೇಲೆ ಸುಲಭವಾಗಿ ಕೈಯೆತ್ತಲಾರನು. ರೋಗಿಯ ಬೈಗುಳವನ್ನೂ ಆಕ್ರೋಶವನ್ನೂ ತನಗೆ ಮಾಡಿದ ಅವಮಾನವೆಂದು ಎಣಿಸುವುದಿಲ್ಲ. ಜೊತೆಗೆ, ಆ ಕೆಲಸದ ಜವಾಬ್ದಾರಿಯು ಅವನ ಚೇತರಿಕೆಯನ್ನೂ ಗಟ್ಟಿಗೊಳಿಸುತ್ತದೆ. ಸಮದುಃಖಿಯ ಆಸರೆಯೆಂದು ಇಂದು ನಾವು ಕರೆಯುವ ತತ್ತ್ವವು ಆಸ್ಪತ್ರೆಯ ದೈನಂದಿನ ವ್ಯವಸ್ಥೆಯಾಗಿ ಬರೆಹದಲ್ಲಿ ದಾಖಲಾದ ಮೊದಲ ನಿದರ್ಶನಗಳಲ್ಲಿ ಇದೊಂದು.

೧೮೦೧ರಲ್ಲಿ ಹೊರಬಂದ ಪಿನೆಲನ ಆ ಗ್ರಂಥದಲ್ಲಿ ಬಿಸೆತ್ರಿಗೆ ಸಂಬಂಧಿಸಿದ ಎರಡು ಘಟನೆಗಳುಂಟು. ಎರಡೂ ನಾಟಕಗಳೇ, ಆದರೆ ಫಲಗಳು ಬೇರೆ ಬೇರೆ.

ಮೊದಲನೆಯದು ಒಬ್ಬ ದರ್ಜಿಯ ಕಥೆ. ಹದಿನಾರನೆಯ ಲೂಯಿ ದೊರೆಯ ಮರಣದಂಡನೆಯನ್ನು ಕುರಿತು ಆತನು ಆಡಿದ ಒಂದು ಮಾತು ದೇಶದ್ರೋಹದ ಸಂಶಯಕ್ಕೆ ಎಡೆಗೊಟ್ಟಿತು. ಇಂದೋ ನಾಳೆಯೋ ತನ್ನನ್ನು ಗಿಲೊಟೀನಿಗೆ ಒಯ್ಯುವರೆಂಬ ಭಯವು ಬೆಳೆದು ಮತಿಭ್ರಮಣೆಯಾಯಿತು. ಬಿಸೆತ್ರಿನಲ್ಲಿ ಆತನ ಕೈಗೆ ಸೂಜಿದಾರಗಳನ್ನು ಕೊಟ್ಟಾಗ ಕೆಲವು ಕಾಲ ಗುಣ ಕಂಡಿತು. ಮತ್ತೆ ರೋಗ ಮರುಕಳಿಸಿತು. ಆಗ ಪಿನೆಲನು ಒಂದು ಉಪಾಯವನ್ನು ಹೂಡಿದನು. ಮೂವರು ತರುಣ ವೈದ್ಯರು ಕರಿಯ ಉಡುಪನ್ನು ತೊಟ್ಟು ಅಧಿಕಾರಿಗಳ ಸೋಗಿನಲ್ಲಿ ಬಂದು ಗಂಭೀರವಾಗಿ ವಿಚಾರಣೆ ನಡೆಸಿ ದರ್ಜಿಯು ನಿರ್ದೋಷಿಯೆಂದು ತೀರ್ಪು ಕೊಟ್ಟರು. ಭಯವು ಒಡನೆಯೇ ಮಾಯವಾಯಿತು. ಆದರೆ ಸ್ವಲ್ಪ ಕಾಲದ ಮೇಲೆ ಯಾರೋ ಅವಿವೇಕದಿಂದ, ಆ ವಿಚಾರಣೆಯು ಬರಿಯ ಆಟವಾಗಿತ್ತೆಂದು ಆತನಿಗೆ ತಿಳಿಸಿಬಿಟ್ಟರು. ಆ ಮೇಲೆ ಆತನ ರೋಗವು ಅಸಾಧ್ಯವಾಯಿತೆಂದು ಪಿನೆಲನೇ ಒಪ್ಪಿಕೊಂಡಿದ್ದಾನೆ.

ಎರಡನೆಯದು ಒಬ್ಬ ಗಡಿಯಾರ ಕೆಲಸಗಾರನ ಕಥೆ. ನಿರಂತರ ಚಲನೆಯ ಯಂತ್ರವನ್ನು ನಿರ್ಮಿಸುವ ಹಂಬಲವೂ ಕ್ರಾಂತಿಕಾಲದ ಭೀತಿಯೂ ಸೇರಿ ಆತನ ಬುದ್ಧಿ ಕದಡಿತು. ತನ್ನ ತಲೆಯನ್ನು ಕತ್ತರಿಸಿದ್ದಾರೆ. ನ್ಯಾಯಾಧೀಶರು ಪಶ್ಚಾತ್ತಾಪಪಟ್ಟು ತಲೆಗಳನ್ನು ಹಿಂದಿರುಗಿಸಬೇಕೆಂದು ಆಜ್ಞಾಪಿಸಿದಾಗ ರಾಶಿಯಲ್ಲಿ ಅದಲು ಬದಲಾಗಿ ಇನ್ನಾರದೋ ತಲೆಯನ್ನು ತನಗೆ ಜೋಡಿಸಿದ್ದಾರೆ. ಇದು ಆತನ ದೃಢವಾದ ನಂಬಿಕೆ. ಈ ಹಲ್ಲುಗಳನ್ನು ನೋಡಿ, ಈ ಕೂದಲನ್ನು ನೋಡಿ, ನನ್ನವು ಹೀಗಿದ್ದವೆ, ಎಂದು ಕಂಡಕಂಡವರಿಗೆ ತೋರಿಸುತ್ತಿದ್ದನು. ಉಪಕರಣಗಳನ್ನು ಒದಗಿಸಿ ಯಂತ್ರವನ್ನು ಮಾಡಿಯೇ ನೋಡೆಂದು ಬಿಟ್ಟಾಗ ಆ ಹಂಬಲವು ಸೋತು ಅಡಗಿತು. ತಲೆಯ ಭ್ರಮೆ ಉಳಿಯಿತು. ಆಗ ಚೇತರಿಸಿಕೊಳ್ಳುತ್ತಿದ್ದ ಇನ್ನೊಬ್ಬ ರೋಗಿಗೆ, ಸ್ವಭಾವತಃ ವಿನೋದಪ್ರಿಯನಾದವನಿಗೆ, ಒಂದು ಪಾತ್ರವನ್ನು ಹೇಳಿಕೊಡಲಾಯಿತು. ಅವನು ಮಾತುಮಾತಿನಲ್ಲಿ ಸಂತ ದೆನಿಯ ಪವಾಡವನ್ನು ಎತ್ತಿದನು. ಶಿರಚ್ಛೇದವಾದ ಮೇಲೆ ಆ ಸಂತನು ತನ್ನ ತಲೆಯನ್ನು ಕೈಯಲ್ಲಿ ಹಿಡಿದು ಅದಕ್ಕೆ ಮುತ್ತಿಡುತ್ತ ನಡೆದನಂತೆ. ಗಡಿಯಾರದವನು ಅದು ಸಾಧ್ಯವೆಂದು ಬಲವಾಗಿ ವಾದಿಸಿದನು. ತನ್ನ ಅನುಭವವನ್ನೇ ಸಾಕ್ಷಿಯಾಗಿ ತಂದನು. ಆಗ ಜೊತೆಗಾರನು ಗಟ್ಟಿಯಾಗಿ ನಕ್ಕು, ತನ್ನ ತಲೆಗೆ ತಾನೇ ಮುತ್ತಿಡಲು ಅವನಿಗೆ ಬಾಯಿ ಎಲ್ಲಿತ್ತು, ಹಿಮ್ಮಡಿಯಿಂದ ಮುತ್ತಿಟ್ಟನೇನು, ಎಂಬ ಅರ್ಥದ ಪ್ರಶ್ನೆಯನ್ನು ಹಾಕಿದನು. ಗಡಿಯಾರದವನು ತಬ್ಬಿಬ್ಬಾಗಿ ಅಲ್ಲಿಂದ ಎದ್ದುಹೋದನು. ಆ ಮೇಲೆ ತಲೆಯ ಮಾತನ್ನು ಎತ್ತಲಿಲ್ಲ. ಕೆಲವು ತಿಂಗಳು ತನ್ನ ಕಸುಬಿನಲ್ಲಿ ತೊಡಗಿದ್ದು, ಗುಣಹೊಂದಿ, ಮನೆಗೆ ಮರಳಿದನು.

ಈ ಎರಡನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ದರ್ಜಿಯ ನಾಟಕದಲ್ಲಿ ಪಾತ್ರಧಾರಿಗಳು ವೈದ್ಯರು. ಅವರು ದರ್ಜಿಯು ಯಾರಿಗೆ ಹೆದರಿದ್ದನೋ ಆ ಅಧಿಕಾರಿಗಳ ವೇಷವನ್ನೇ ತೊಟ್ಟರು. ಅದರ ಫಲವೆಲ್ಲ ಒಂದು ಗುಟ್ಟಿನ ಮೇಲೆ ನಿಂತಿತ್ತು. ಗುಟ್ಟು ಒಡೆದೊಡನೆ ಫಲವೂ ಒಡೆಯಿತು. ಗಡಿಯಾರದವನ ನಾಟಕದಲ್ಲಿ ಜೊತೆಯ ಪಾತ್ರಧಾರಿಯು ಅವನಂಥವನೇ. ಅವನು ವೇಷ ಹಾಕಲಿಲ್ಲ. ಅವನು ಆಡಿದ ಮಾತು ಸಹವಾಸಿಗಳ ನಡುವೆ ಸಹಜವಾಗಿ ಹುಟ್ಟಬಹುದಾದ ವಾದ. ಆ ವಾದದಲ್ಲಿ ರೋಗಿಯು ಸೋತದ್ದು ತನ್ನ ತರ್ಕದ ಮುಂದೆಯೇ. ಹೇಳಿಕೊಟ್ಟ ಮಾತೆಂದು ಮುಂದೆ ತಿಳಿದಿದ್ದರೂ ಆ ತರ್ಕವು ಸುಳ್ಳಾಗುತ್ತಿರಲಿಲ್ಲ.

ಆದರೂ ಇದನ್ನು ಅತಿಯಾಗಿ ಹೊಗಳುವುದು ಉಚಿತವಲ್ಲ. ಉಪಾಯವನ್ನು ಹೂಡಿದವರು ಮೇಲಿನವರೇ. ಜೊತೆಗಾರನ ನಗೆಯಲ್ಲಿ ನೋವೂ ಇದ್ದಿರಬೇಕು. ಅವನ ಹೆಸರನ್ನು ಪಿನೆಲನು ಹೇಳಿಲ್ಲ. ಆದರೆ ಇನ್ನಾರೂ ನಿರ್ವಹಿಸಲಾರದ ಪಾತ್ರವನ್ನು ಅವನು ನಿರ್ವಹಿಸಿದನೆಂಬುದು ಮಾತ್ರ ಆ ಗ್ರಂಥದಿಂದಲೇ ಸಿದ್ಧವಾಗುತ್ತದೆ.

೩. ಶಾರಾಂತೊ: ರಂಗಮಂದಿರ

ಪ್ಯಾರಿಸ್ಸಿನ ಆಗ್ನೇಯಕ್ಕೆ, ಮಾರ್ನ್ ನದಿಯ ಬಳಿಯ ಶಾರಾಂತೊ ಆಸ್ಪತ್ರೆಯು ೧೬೪೧ರಲ್ಲಿ ಸ್ಥಾಪಿತವಾಗಿ ಧಾರ್ಮಿಕ ಸಹೋದರಮಂಡಲದ ಕೈಯಲ್ಲಿತ್ತು. ಕ್ರಾಂತಿಕಾಲದಲ್ಲಿ, ೧೭೯೫ರಲ್ಲಿ, ಅದು ಮುಚ್ಚಿತು. ೧೭೯೭ರಲ್ಲಿ ಸರ್ಕಾರದ ಸಂಸ್ಥೆಯಾಗಿ ಮತ್ತೆ ತೆರೆಯಿತು. ಕುಲ್ಮಿಯೆ ಎಂಬ ಮಾಜಿ ಪಾದ್ರಿ ಅದರ ನಿರ್ದೇಶಕನಾದನು. ೧೭೮೯ರ ಮಹಾಸಭೆಯಲ್ಲಿ ಸದಸ್ಯನಾಗಿದ್ದ ಈತನು ಬಹಳ ಕುಳ್ಳನಾದ, ಆದರೆ ಉತ್ಸಾಹಶಾಲಿಯಾದ ಆಡಳಿತಗಾರ. ವೈದ್ಯನಾಗಿದ್ದ ಗಾಸ್ತಾಲ್ದಿಯು ೧೮೦೫ರಲ್ಲಿ ತೀರಿಕೊಳ್ಳುವವರೆಗೂ ಈತನ ಅಭಿಪ್ರಾಯಗಳನ್ನು ಬೆಂಬಲಿಸಿದನು. ಔಷಧಿ ರಕ್ತಸ್ರಾವಗಳಿಗಿಂತ ಮನಸ್ಸಿನ ಮೂಲಕ ಮಾಡುವ ಚಿಕಿತ್ಸೆಯೇ ಹೆಚ್ಚು ಫಲಕಾರಿಯೆಂಬುದು ಆ ಕಾಲದ ಹೊಸ ವಿಚಾರ. ಸಂಗೀತ, ನೃತ್ಯ, ನಾಟಕಗಳು ರೋಗಿಯ ಗಮನವನ್ನು ಭ್ರಮೆಯಿಂದ ಬೇರೆಡೆಗೆ ಸೆಳೆಯುವುವೆಂದು ಕುಲ್ಮಿಯೆ ನಂಬಿದ್ದನು.

೧೮೦೩ರ ಏಪ್ರಿಲಿನಲ್ಲಿ ಮಾರ್ಕ್ವಿ ದ ಸಾದ್ ಶಾರಾಂತೊಗೆ ಸ್ಥಳಾಂತರಗೊಂಡನು. ಆತನು ಹುಚ್ಚನೆಂದು ಯಾರೂ ನಿಜವಾಗಿ ನಂಬಿರಲಿಲ್ಲ. ಅಶ್ಲೀಲವೆಂದು ದೂಷಿತವಾದ ಗ್ರಂಥಗಳನ್ನು ಬರೆದವನನ್ನು ಸಾರ್ವಜನಿಕ ವಿಚಾರಣೆಯಿಲ್ಲದೆ ಮುಚ್ಚಿಡುವುದಕ್ಕೆ ಉನ್ಮಾದಾಲಯವು ಅನುಕೂಲವಾಗಿ ಒದಗಿತು. ೧೮೧೪ರ ಡಿಸೆಂಬರ್ ೨ರಂದು ಸಾಯುವವರೆಗೂ ಆತನು ಅಲ್ಲಿಯೇ ಇದ್ದನು. ಜೀವನದುದ್ದಕ್ಕೂ ನಾಟಕದ ಹುಚ್ಚಿದ್ದ ಈತನ ಕೈಗೆ ಕುಲ್ಮಿಯೆ ಆಸ್ಪತ್ರೆಯ ರಂಗಮಂದಿರವನ್ನು ಒಪ್ಪಿಸಿದನು. ನಾಟಕಗಳನ್ನು ಆರಿಸುವುದು, ಪಾತ್ರಗಳನ್ನು ಹಂಚುವುದು, ಮಾತಿನ ಏರಿಳಿತವನ್ನು ಕಲಿಸುವುದು, ತಾಲೀಮು ನಡೆಸುವುದು ಎಲ್ಲವೂ ಸಾದನ ಹೊಣೆಯಾಯಿತು. ಪ್ಯಾರಿಸ್ಸಿನ ವೃತ್ತಿನಟರೂ ಬಂದು ಕೆಲವು ಪಾತ್ರಗಳನ್ನು ವಹಿಸುತ್ತಿದ್ದರು. ಆಡುತ್ತಿದ್ದುದು ಅಂದಿನ ಜನಪ್ರಿಯ ಹಾಸ್ಯನಾಟಕಗಳನ್ನು. ಆಹ್ವಾನಪತ್ರಿಕೆಗಾಗಿ ನಗರದ ಗಣ್ಯರು ಹಾತೊರೆಯುವಷ್ಟು ಅದಕ್ಕೆ ಹೆಸರು ಬಂದಿತು. ೧೮೧೨ರ ಅಕ್ಟೋಬರಿನಲ್ಲಿ ಕಾರ್ಡಿನಲ್ ಮೋರಿ ಆಸ್ಪತ್ರೆಗೆ ಬಂದಾಗ ಸಾದನೇ ಸ್ವಾಗತಪದ್ಯವನ್ನು ರಚಿಸಿಕೊಟ್ಟನು.

ಆ ಮಂದಿರದ ಆಸನವ್ಯವಸ್ಥೆಯನ್ನು ಎಸ್ಕಿರೋಲ್ ಎಂಬ ವೈದ್ಯನು ಮುಂದೆ ವರ್ಣಿಸಿದ್ದಾನೆ. ಅದು ಬಹಳ ಅರ್ಥಪೂರ್ಣವಾದುದು. ರಂಗಕ್ಕೆ ಎದುರಾಗಿ ನಿರ್ದೇಶಕನಿಗೂ ಆತನ ಮಿತ್ರರಿಗೂ ಮೀಸಲಾದ ಕಟ್ಟೆ. ಅದರ ಎರಡು ಪಕ್ಕಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಪೀಠಗಳು. ಬಲಗಡೆ ಹದಿನೈದಿಪ್ಪತ್ತು ಮಂದಿ ಸ್ತ್ರೀಯರು, ಎಡಗಡೆ ಅಷ್ಟೇ ಮಂದಿ ಪುರುಷರು, ಎಲ್ಲರೂ ಸಾಮಾನ್ಯವಾಗಿ ಶಾಂತರಾಗಿರುತ್ತಿದ್ದ ರೋಗಿಗಳು. ಮಿಕ್ಕ ಸ್ಥಳವೆಲ್ಲ ಹೊರಗಿನವರಿಗೆ. ಅವರ ನಡುವೆ ಚೇತರಿಸಿಕೊಳ್ಳುತ್ತಿದ್ದ ಕೆಲವೇ ಕೆಲವರು. ಹೊರಗಿನ ಪ್ರೇಕ್ಷಕನಿಗೆ ಮುಂದೆ ಒಂದು ನಾಟಕ, ಹಿಂದೆ ತಿರುಗಿದರೆ ಇನ್ನೊಂದು ನಾಟಕ. ಜನ ಬಂದುದು ಯಾವುದನ್ನು ನೋಡುವುದಕ್ಕೆ ಎಂಬುದು ಊಹಿಸಲು ಕಷ್ಟವಾದ ವಿಷಯವಲ್ಲ.

ಇದೇ ಕಾಲದಲ್ಲಿ ಅದೇ ಆಸ್ಪತ್ರೆಯ ಇನ್ನೊಂದು ಮುಖವೂ ಇತ್ತು. ೧೮೧೨ರಲ್ಲಿ ಇಪ್ಪೊಲೀತ್ ದ ಕೊಲ್ಯಾಂ ಎಂಬ ಅಶ್ವದಳದ ಅಧಿಕಾರಿಯು ಬರೆದ ವರದಿಯಲ್ಲಿ, ಉದ್ರಿಕ್ತ ರೋಗಿಗಳನ್ನು ಬೆತ್ತದ ಬುಟ್ಟಿಯಂಥ ಕವಚದಲ್ಲಿ ಬಂಧಿಸುವುದು, ಅರಿವಿಲ್ಲದಂತೆ ತಣ್ಣೀರಿಗೆ ತಳ್ಳುವುದು ಮೊದಲಾದ ಕ್ರಮಗಳ ವಿಚಾರ ಬಂದಿದೆ. ದೀಪಗಳಿಂದ ಬೆಳಗುವ ರಂಗಮಂದಿರವೂ ಬೆತ್ತದ ಕವಚವೂ ಒಂದೇ ಆವರಣದೊಳಗಿದ್ದವು. ರಂಗದ ಕೀರ್ತಿಯನ್ನು ಮಾತ್ರ ನೋಡಿ ಶಾರಾಂತೊವನ್ನು ಉದಾರಚಿಕಿತ್ಸೆಯ ನೆಲೆಯೆಂದು ಕೊಂಡಾಡುವವರು ಇದನ್ನು ಮರೆಯಬಾರದು.

೪. ವೈದ್ಯರ ಆಕ್ಷೇಪಣೆ

ಗಾಸ್ತಾಲ್ದಿಯ ಸ್ಥಾನಕ್ಕೆ ೧೮೦೬ರಲ್ಲಿ ಬಂದ ರ್ವಾಯೆ-ಕೊಲಾರ್ ಈ ವ್ಯವಸ್ಥೆಯನ್ನು ಸಹಿಸಲಿಲ್ಲ. ೧೮೦೮ರ ಆಗಸ್ಟ್ ೨ರಂದು ಪೋಲೀಸ್ ಮಂತ್ರಿ ಫೂಶೆಗೆ ಬರೆದ ಪತ್ರದಲ್ಲಿ ಆತನು ಎರಡು ದೂರುಗಳನ್ನು ಕೊಟ್ಟನು. ಸಾದನಿಗೆ ಇರುವುದು ದುರ್ವ್ಯಸನವೆಂಬ ಹುಚ್ಚು ಮಾತ್ರ, ಆದಕಾರಣ ಆತನಿಗೆ ತಕ್ಕ ಸ್ಥಳ ಸೆರೆಮನೆ ಎಂಬುದು ಮೊದಲನೆಯದು. ರೋಗಿಗಳಿಂದ ನಾಟಕವಾಡಿಸುವುದು ಅವರ ಕಲ್ಪನೆಯನ್ನು ಕೆರಳಿಸಿ ಅಪಾಯವನ್ನು ತರುತ್ತದೆ, ಅದರಲ್ಲಿಯೂ ಅಂಥ ಮನುಷ್ಯನು ಅವರಿಗೆ ನಿತ್ಯವೂ ಗುರುವಾಗಿರುವುದು ಅನರ್ಥ ಎಂಬುದು ಎರಡನೆಯದು. ಸರ್ಕಾರವು ತತ್‌ಕ್ಷಣ ಕ್ರಮ ಕೈಗೊಳ್ಳಲಿಲ್ಲ. ಐದು ವರ್ಷಗಳ ಮೇಲೆ, ೧೮೧೩ರ ಮೇ ೬ರಂದು, ಮಂತ್ರಿಯ ಆಜ್ಞೆಯಿಂದ ನಾಟಕಗಳು ನಿಂತವು. ಮರುವರ್ಷ ಕುಲ್ಮಿಯೆ ಅಧಿಕಾರದಿಂದ ಇಳಿದನು.

೧೮೨೫ರಲ್ಲಿ ಶಾರಾಂತೊದ ಮುಖ್ಯವೈದ್ಯನಾದ ಎಸ್ಕಿರೋಲನು ೧೮೩೫ರಲ್ಲಿ ಆ ಸಂಸ್ಥೆಯ ಇತಿಹಾಸವನ್ನು ಬರೆದಾಗ ಇನ್ನೂ ತೀಕ್ಷ್ಣವಾದ ಮಾತನ್ನಾಡಿದನು. ಆತನ ಪ್ರಕಾರ ಆ ನಾಟಕಶಾಲೆಯೇ ಒಂದು ಸುಳ್ಳು: ರೋಗಿಗಳು ನಾಟಕವಾಡಲೇ ಇಲ್ಲ, ನಿರ್ದೇಶಕನು ಲೋಕವನ್ನು ಮೋಸಗೊಳಿಸಿದನು. ನೋಡಲು ಬಂದ ಚಪಲಜನರ ಪರಿಹಾಸದ ನಗೆಯೂ ಅವಮಾನಕರವಾದ ಕನಿಕರವೂ ಆ ದುರ್ದೈವಿಗಳನ್ನು ಗಾಯಗೊಳಿಸಿದವು. ನಾಟಕಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದರಿಂದ ಅಸೂಯೆ, ಜಗಳಗಳು ಹುಟ್ಟಿ ಉನ್ಮಾದವೇ ಉಲ್ಬಣಿಸಿತು.

ಇಲ್ಲಿ ಒಂದು ವಿರೋಧವು ಎದ್ದು ಕಾಣುತ್ತದೆ. ರೋಗಿಗಳು ನಾಟಕವಾಡುವುದು ಅಪಾಯವೆಂದು ಒಬ್ಬ ವೈದ್ಯನ ದೂರು. ಅವರು ಆಡಲೇ ಇಲ್ಲವೆಂದು ಇನ್ನೊಬ್ಬನ ದೂರು. ರ್ವಾಯೆ-ಕೊಲಾರ್ ಆಗ ಅಲ್ಲಿದ್ದವನು. ಎಸ್ಕಿರೋಲ್ ಎರಡು ದಶಕಗಳ ಮೇಲೆ ಬರೆದವನು. ರಂಗದ ಮೇಲೆ ವೃತ್ತಿನಟರೂ, ಸಾದನಂತೆ ಹುಚ್ಚಿಲ್ಲದೆ ಬಂಧಿತರಾಗಿದ್ದವರೂ, ಚೇತರಿಸಿಕೊಳ್ಳುತ್ತಿದ್ದವರೂ ಬೆರೆತಿದ್ದರೆಂದು ಭಾವಿಸಿದರೆ ಎರಡು ಹೇಳಿಕೆಗಳನ್ನೂ ಒಂದು ಮಟ್ಟಿಗೆ ಹೊಂದಿಸಬಹುದು. ಹಾಗೆ ಹೊಂದಿಸಿದ ಮೇಲೂ ಉಳಿಯುವ ಸಂಗತಿಯೆಂದರೆ, ಪರ ವಿರುದ್ಧಗಳೆರಡರಲ್ಲಿಯೂ ರೋಗಿಯ ಮಾತು ಇಲ್ಲ. ನಿರ್ದೇಶಕನ ಹೆಸರು, ವೈದ್ಯರ ಹೆಸರು, ಸಾದನ ಹೆಸರು, ಬಂದ ಅತಿಥಿಗಳ ಹೆಸರು ಉಳಿದಿವೆ. ಪಾತ್ರವನ್ನು ಕಲಿತು ನಡುಗುತ್ತ ರಂಗದ ಮೇಲೆ ನಿಂತವನು ಏನೆಂದುಕೊಂಡನೆಂಬುದನ್ನು ಈ ವೈದ್ಯರಲ್ಲಿ ಯಾರೂ ದಾಖಲಿಸಲಿಲ್ಲ.

ಆದರೆ ರ್ವಾಯೆ-ಕೊಲಾರನ ದೂರಿನೊಳಗೇ ಆತನು ಉದ್ದೇಶಿಸದ ಒಂದು ಸಾಕ್ಷ್ಯವು ಅಡಗಿದೆ. ಸಾದನು ದಿನವೂ ರೋಗಿಗಳ ಸಂಪರ್ಕದಲ್ಲಿದ್ದನು, ಪಾತ್ರಗಳನ್ನು ಹಂಚಿದನು, ಮಾತನ್ನು ಹೇಳಿಕೊಟ್ಟನು. ಇದು ಪ್ರದರ್ಶನದ ದಿನದ ಮಾತಲ್ಲ, ತಾಲೀಮಿನ ದಿನಗಳ ಮಾತು. ನಾಟಕವನ್ನು ಬಲ್ಲವರಿಗೆ ಈ ಎರಡರ ಅಂತರವು ತಿಳಿದ ವಿಷಯ. ಪ್ರದರ್ಶನದಲ್ಲಿ ನಟನು ನೋಡುವವರ ವಶ. ತಾಲೀಮಿನಲ್ಲಿ ಅವನು ಸಹನಟರ ಜೊತೆಗೆ ಇರುತ್ತಾನೆ. ಮರೆತ ಮಾತನ್ನು ಪಕ್ಕದವನು ನೆನಪಿಸುತ್ತಾನೆ; ತಡವರಿಸಿದವನಿಗಾಗಿ ಉಳಿದವರು ಕಾಯುತ್ತಾರೆ; ತನ್ನ ಸರದಿ ಬರುವವರೆಗೆ ಇನ್ನೊಬ್ಬನ ಮಾತಿಗೆ ಕಿವಿಗೊಡಬೇಕಾಗುತ್ತದೆ. ಭ್ರಮೆಯಲ್ಲಿ ಮುಳುಗಿ ಒಂಟಿಯಾದವನಿಗೆ ಇದಕ್ಕಿಂತ ಹಿತವಾದ ಅಭ್ಯಾಸ ಯಾವುದು? ಶಾರಾಂತೊದಲ್ಲಿ ರೋಗಿಗಳಿಗೆ ಏನಾದರೂ ಪ್ರಯೋಜನ ದೊರೆತಿದ್ದರೆ ಅದು ಬಾಗಿಲು ಮುಚ್ಚಿದ ತಾಲೀಮಿನಲ್ಲಿ ದೊರೆತಿರಬೇಕು. ಹಾನಿಯಾಗಿದ್ದರೆ ಅದು ಬಾಗಿಲು ತೆರೆದ ಪ್ರದರ್ಶನದಲ್ಲಿ ಆಗಿರಬೇಕು. ಈ ಲೇಖಕನ ದೃಷ್ಟಿಯಲ್ಲಿ, ಎಸ್ಕಿರೋಲನ ಆಕ್ಷೇಪಣೆಗಳಲ್ಲಿ ಅತ್ಯಂತ ನ್ಯಾಯವಾದುವುಗಳೆಲ್ಲ ಪ್ರೇಕ್ಷಕರನ್ನೂ ಅವರ ನಗೆಯನ್ನೂ ಕುರಿತವು. ಸಹನಟರ ಸಹವಾಸವನ್ನು ಕುರಿತವಲ್ಲ.

೫. ಉತ್ತರಕಾಲದ ಚಿತ್ರಣ

ಮುಂದಿನ ತಲೆಮಾರುಗಳು ಈ ಇತಿಹಾಸವನ್ನು ನೆನಪಿಟ್ಟುಕೊಂಡ ರೀತಿಯೂ ನಾಟಕೀಯವಾದುದೇ. ಬಿಸೆತ್ರಿನಲ್ಲಿ ಸಂಕೋಲೆಗಳನ್ನು ತೆಗೆಸಿದವನು ಪ್ಯುಸ್ಯಾಂ. ಅದು ನಡೆದುದು ೧೭೯೭ರಲ್ಲಿ, ಪಿನೆಲನು ೧೭೯೫ರಲ್ಲಿ ಸಾಲ್ಪೆತ್ರಿಯೇರ್ ಆಸ್ಪತ್ರೆಗೆ ಹೋದ ಎರಡು ವರ್ಷಗಳ ಮೇಲೆ. ೧೮೦೨ರಲ್ಲಿ ಪಿನೆಲನೇ ಪ್ಯುಸ್ಯಾಂನನ್ನು ಅಲ್ಲಿಗೆ ಕರೆಸಿಕೊಂಡನು. ೧೮೧೧ರಲ್ಲಿ ಪ್ಯುಸ್ಯಾಂ ತೀರಿಕ��ಂಡನು. ಆದರೆ ಪಿನೆಲನ ಮಗ ಸಿಪಿಯೋಂ ೧೮೩೬ರಲ್ಲಿ ಹರಡಿದ ಕಥೆಯಲ್ಲಿ ವೈದ್ಯನು ಕ್ರಾಂತಿಯ ಮುಖಂಡನೆದುರಿಗೆ ನಿಂತು ತಾನೇ ಸಂಕೋಲೆಗಳನ್ನು ಬಿಚ್ಚಿಸುತ್ತಾನೆ. ೧೮೪೯ರಲ್ಲಿ ಶಾರ್ಲ್ ಮ್ಯುಲ್ಲೆರ್ ಈ ದೃಶ್ಯವನ್ನು ಚಿತ್ರಿಸಿದನು; ೧೮೭೬ರಲ್ಲಿ ತೋನಿ ರೋಬೆರ್-ಫ್ಲ್ಯೂರಿ ಸಾಲ್ಪೆತ್ರಿಯೇರಿನ ಸ್ತ್ರೀಯರ ನಡುವೆ ನಿಂತ ಪಿನೆಲನನ್ನು ಚಿತ್ರಿಸಿದನು. ಒಬ್ಬ ನಾಯಕ, ಅವನ ಸುತ್ತ ದೀನರ ಸಮೂಹ. ಇದು ರಂಗದ ಕಟ್ಟಡವೇ ಸರಿ. ಚೇತರಿಸಿಕೊಂಡ ರೋಗಿಗಳು ಸೇವಕರಾಗಿ ನಿಂತ ಆ ವ್ಯವಸ್ಥೆಯು ಚಿತ್ರಪಟದ ನೆನಪಿನಲ್ಲಿ ಉಳಿಯಲಿಲ್ಲ. ಗ್ಲಾದಿಸ್ ಸ್ವೇನ್ ೧೯೭೭ರಲ್ಲಿ ಪ್ರಕಟಿಸಿದ ಸಂಶೋಧನೆಯೂ, ಡೋರಾ ವೈನರ್ ಅವರ ಲೇಖನಗಳೂ ಈ ಪುರಾಣವನ್ನು ಇತಿಹಾಸದಿಂದ ಬೇರ್ಪಡಿಸಿವೆ.

ಶಾರಾಂತೊದ ನೆನಪನ್ನು ಇಪ್ಪತ್ತನೆಯ ಶತಮಾನಕ್ಕೆ ಮರಳಿ ತಂದವನು ಪೀಟರ್ ವೈಸ್. ಸಂಕ್ಷೇಪವಾಗಿ ‘ಮರಾ/ಸಾದ್’ ಎಂದು ಕರೆಯುವ ಆತನ ನಾಟಕವು ೧೯೬೪ರ ಏಪ್ರಿಲಿನಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಮೊದಲು ಆಡಲ್ಪಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಪೀಟರ್ ಬ್ರೂಕ್ ಅದನ್ನು ಪ್ರಯೋಗಿಸಿ, ೧೯೬೭ರಲ್ಲಿ ಚಲನಚಿತ್ರವನ್ನಾಗಿಯೂ ಮಾಡಿದನು. ೧೮೦೮ರ ಜುಲೈ ೧೩ರಂದು ಶಾರಾಂತೊದ ರೋಗಿಗಳು ಸಾದನ ನಿರ್ದೇಶನದಲ್ಲಿ, ಹದಿನೈದು ವರ್ಷಗಳ ಹಿಂದೆ ಅದೇ ತಾರೀಖಿಗೆ ನಡೆದ ಮರಾನ ಕೊಲೆಯನ್ನು ಅಭಿನಯಿಸುತ್ತಾರೆಂಬುದು ಅದರ ವಸ್ತು. ೧೭೯೩ರಲ್ಲಿ ಸಾದನು ಮರಾನನ್ನು ಕುರಿತು ಶ್ರದ್ಧಾಂಜಲಿಯ ಭಾಷಣ ಮಾಡಿದ್ದುದು ನಿಜ. ಶಾರಾಂತೊದಲ್ಲಿ ಅಂಥ ನಾಟಕ ನಡೆದುದು ಮಾತ್ರ ಕವಿಕಲ್ಪನೆ. ಕೊಲೆಗಾತಿಯಾದ ಶಾರ್ಲೊತ್ ಕೊರ್ದೆಯ ಪಾತ್ರವನ್ನು ನಿದ್ರಾರೋಗವೂ ವಿಷಾದವೂ ಹಿಡಿದ ರೋಗಿಯೊಬ್ಬಳು ವಹಿಸುತ್ತಾಳೆ. ಆಕೆಯನ್ನು ಎಚ್ಚರಿಸಿ, ಹಿಡಿದು ನಿಲ್ಲಿಸಿ, ಮಾತನ್ನು ನೆನಪಿಸಿ ಮುಂದೆ ನಡೆಸಬೇಕಾಗುತ್ತದೆ. ಹಳೆಯ ದಾಖಲೆಗಳು ಕೈಬಿಟ್ಟ ಆ ತಾಲೀಮಿನ ಸಹವಾಸವು ಇಲ್ಲಿ ಪ್ರದರ್ಶನದ ಮಧ್ಯದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆದರೆ ನಾಟಕದ ಅಂತ್ಯದಲ್ಲಿ ರೋಗಿಗಳೆಲ್ಲ ದಂಗೆಯೆದ್ದ ಉನ್ಮತ್ತ ಸಮೂಹವಾಗುತ್ತಾರೆ. ಸೇವಕರು ಅವರ ಮೇಲೆ ಬೀಳುತ್ತಾರೆ. ಕ್ರಾಂತಿಯನ್ನು ಕುರಿತ ವಿಚಾರನಾಟಕವಾಗಿ ಅದರ ಶಕ್ತಿ ನಿರ್ವಿವಾದ. ಉನ್ಮಾದದ ಚಿತ್ರಣವಾಗಿ ಮಾತ್ರ ಅದು ಪ್ರೇಕ್ಷಕನನ್ನು ಮತ್ತೆ ಬೆಥ್ಲೆಮಿನ ಕುತೂಹಲಿಯ ಸ್ಥಾನಕ್ಕೆ ಸಮೀಪವಾಗಿ ಕೂರಿಸುತ್ತದೆ.

ಬಿಸೆತ್ರಿನ ದಾರಿಯನ್ನು ಮುಂದುವರಿಸಿದವರು ಬೇರೆ ಕಡೆಗಳಲ್ಲಿದ್ದರು. ಇಂಗ್ಲೆಂಡಿನ ಪ್ರಧಾನಿಯಾಗಿದ್ದು ೧೮೧೨ರಲ್ಲಿ ಕೊಲೆಗೀಡಾದ ಸ್ಪೆನ್ಸರ್ ಪರ್ಸಿವಲನ ಮಗ ಜಾನ್ ಪರ್ಸಿವಲ್, ೧೮೩೧ರಿಂದ ಸುಮಾರು ಮೂರು ವರ್ಷ ಉನ್ಮಾದಾಲಯಗಳಲ್ಲಿ ಬಂಧಿತನಾಗಿದ್ದು, ಗುಣಹೊಂದಿದ ಮೇಲೆ ತನ್ನ ಅನುಭವವನ್ನು ತಾನೇ ಬರೆದು ಪ್ರಕಟಿಸಿದನು. ೧೮೪೫ರಲ್ಲಿ ಆತನೂ ಆತನಂಥ ಕೆಲವರೂ ಸೇರಿ, ಹುಚ್ಚರೆಂದು ಆರೋಪಿತರಾದವರ ಸ್ನೇಹಿತರ ಸಂಘವನ್ನು ಲಂಡನ್ನಿನಲ್ಲಿ ಕಟ್ಟಿದರು. ನಾಟಕದ ಕಡೆಯಿಂದ ನೋಡಿದರೆ, ಜೆ. ಎಲ್. ಮೊರೆನೊ ವಿಯೆನ್ನಾದಲ್ಲಿ ಆಶುನಾಟಕಗಳಿಂದ ಆರಂಭಿಸಿ, ೧೯೩೬ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತ್ಯದ ಬೀಕನ್ ಎಂಬಲ್ಲಿ ಚಿಕಿತ್ಸಾಲಯವನ್ನು ತೆರೆದು, ಅದಕ್ಕೆ ರಂಗವನ್ನೂ ಜೋಡಿಸಿದನು. ಆತನ ಪದ್ಧತಿಯಲ್ಲಿ ರೋಗಿಯು ತನ್ನ ಬಾಳಿನ ಸನ್ನಿವೇಶವನ್ನೇ ಅಭಿನಯಿಸುತ್ತಾನೆ. ಇನ್ನೊಬ್ಬನು ಆತನ ತಂದೆಯಾಗಿಯೋ ಮಡದಿಯಾಗಿಯೋ ಒಳಗಿನ ದನಿಯಾಗಿಯೋ ಎದುರಿಗೆ ನಿಲ್ಲುತ್ತಾನೆ. ಸಂತ ದೆನಿಯ ಕಥೆಯನ್ನೆತ್ತಿದ ಆ ಹೆಸರಿಲ್ಲದ ಜೊತೆಗಾರನ ಪಾತ್ರಕ್ಕೆ ಇಲ್ಲಿ ಶಾಸ್ತ್ರೀಯವಾದ ಸ್ಥಾನ ದೊರೆಯಿತು.

೬. ಉಪಸಂಹಾರ

ಮೇಲ್ಕಂಡ ವೃತ್ತಾಂತದಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ನಾಟಕವು ಉನ್ಮಾದಕ್ಕೆ ಹಿತವೋ ಅಹಿತವೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ; ಯಾರು ಯಾರಿಗಾಗಿ ಆಡುತ್ತಾರೆಂಬುದರ ಮೇಲೆ ಅದು ನಿಂತಿದೆ. ಎರಡನೆಯದಾಗಿ, ಸಮದುಃಖಿಯ ಆಸರೆಯೆಂಬುದು ನಮ್ಮ ಕಾಲದ ಹೊಸ ಆವಿಷ್ಕಾರವಲ್ಲ. ಅದು ಎರಡು ಶತಮಾನಗಳಿಗೂ ಹಿಂದೆಯೇ ಆಸ್ಪತ್ರೆಯ ನಿತ್ಯವ್ಯವಹಾರದಲ್ಲಿ ಪರೀಕ್ಷಿತವಾಗಿ, ಬರೆಹದಲ್ಲಿ ಸಮರ್ಥಿತವಾಗಿ, ಆ ಮೇಲೆ ನಾಯಕವೈದ್ಯನ ಕಥೆಯ ಮರೆಗೆ ಸರಿದುದು. ಮೂರನೆಯದಾಗಿ, ರಂಗದ ಮೇಲೆ ಉನ್ಮಾದವನ್ನು ಚಿತ್ರಿಸುವ ಕವಿಗೂ ನಿರ್ದೇಶಕನಿಗೂ ಈ ಇತಿಹಾಸದಿಂದ ಒಂದು ವಿವೇಕ ದೊರೆಯುತ್ತದೆ. ಮತಿಗೆಟ್ಟವನ ಹಾವಭಾವಗಳನ್ನು ಕೂಲಂಕಷವಾಗಿ ತೋರಿಸಿದ ಮಾತ್ರಕ್ಕೆ ಅವನ ಚಿತ್ರಣವು ಪೂರ್ಣವಾಗುವುದಿಲ್ಲ; ಅವನೊಡನೆ ಸಮನಾಗಿ ನಿಂತು ಮಾತನಾಡುವ ಇನ್ನೊಬ್ಬನನ್ನೂ ರಂಗಕ್ಕೆ ತರಬೇಕು. ಲಿಯರನ ಜೊತೆಗಾರರನ್ನು ಗುಡಿಸಲಿನಿಂದ ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ಬಿರುಗಾಳಿ ಮತ್ತು ಕೂಗು ಮಾತ್ರ.

ಗಡಿಯಾರದವನಿಗೆ ತಲೆಯನ್ನು ಹಿಂದಿರುಗಿಸಿದವನ ಹೆಸರನ್ನು ಪಿನೆಲನು ತಿಳಿಸಿಲ್ಲ. ಶಾರಾಂತೊದಲ್ಲಿ ಮರೆತ ಮಾತನ್ನು ಪಕ್ಕದವನಿಗೆ ನೆನಪಿಸಿರಬಹುದಾದವರನ್ನು ಅಲ್ಲಿಯ ವೈದ್ಯರು ಲೆಕ್ಕಕ್ಕೇ ತರಲಿಲ್ಲ. ಆದರೆ ಅವರ ಕೆಲಸದ ಗುರುತು ವೈದ್ಯರ ಗ್ರಂಥಗಳಲ್ಲಿಯೂ ದೂರುಪತ್ರಗಳಲ್ಲಿಯೂ ಸಾಲುಗಳ ನಡುವೆ ಉಳಿದಿದೆ. ಅದನ್ನು ಹೊರತೆಗೆದು ಓದುವುದು ರಂಗಭೂಮಿಯ ಇತಿಹಾಸಕಾರನಿಗೂ ವೈದ್ಯಶಾಸ್ತ್ರದ ಇತಿಹಾಸಕಾರನಿಗೂ ಸಮಾನವಾದ ಕರ್ತವ್ಯ.